ಪ್ಲಗ್ ತೆಗೆದ ಮೇಲೂ

ಮೆಕ್ಯಾನಿಕ್ ಕುಟ್ಟಪ್ಪಣ್ಣ ಮರದ ಸ್ಕೇಲಿನಿಂದ ನನ್ನ ಕೈಗೆ ಬಲವಾಗಿ ಹೊಡೆದರು. ಗೋಣಿಕೊಪ್ಪಲಿನ ಅವರ ರೇಡಿಯೋ ಅಂಗಡಿಗೆ ನಾನು ಹೋಗಿದ್ದು ಮನೆಯ ಸ್ಟೀರಿಯೋಗೆ ಅಗ್ಗದ ಕ್ರಾಸೋವರ್ ಆರಿಸಲು. ದಪ್ಪ ಸ್ವರವನ್ನು ದೊಡ್ಡ ಸ್ಪೀಕರಿಗೂ ಸಣ್ಣ ಸ್ವರವನ್ನು ಚಿಕ್ಕದಕ್ಕೂ ಹಂಚುವ, ಹಳೇ ರೇಡಿಯೋದಂತೆ ಗಾಜಿನ ವಾಲ್ವ್‌ಗಳಿರುವ ಪೆಟ್ಟಿಗೆ ಅದು. ಕಬ್ಬಿಣದ ರ‍್ಯಾಕಿನಲ್ಲಿದ್ದ ಎರಡರಲ್ಲಿ ಅಗ್ಗದ್ದು ಕರಕರ ಎನ್ನುತ್ತಿತ್ತು. ಪ್ಲಗ್ ಕಿತ್ತು, ಸಡಿಲ ತಂತಿ ಹುಡುಕಲು ಒಳಗೆ ಕೈಹಾಕಿದ್ದೆ.

“ಪ್ಲಗ್ ತೆಗೆದಿದ್ದೀನಲ್ಲಾ,” ಎಂದೆ.

ಅವರು ಸ್ಕ್ರೂಡ್ರೈವರನ್ನು ಒಳಗಿನ ಕಂಡೆನ್ಸರಿಗೆ ತಾಗಿಸಿದರು. ಪಟ್ಟೆಂದು ನೀಲಿ ಕಿಡಿ ಹಾರಿತು.

“ಬಿ.ಎಸ್‌ಸಿ.ಲಿ ಇದನ್ನ ಹೇಳಿಕೊಡ್ಲಿಲ್ವಾ ಮಾರಾಯ್ರೇ? ಕರೆಂಟು ತೆಗೆದ್ರೂ ಇದ್ರ ಹೊಟ್ಟೆ ಖಾಲಿಯಾಗಲ್ಲ.”

ಅವರಿಂದಲೇ ತಂತಿ ಬೆಸೆಸಿ, ಹಿಂಬದಿಗೆ ತಗಡು ಬಿಗಿಸಿಕೊಂಡು ಅದನ್ನೇ ತಂದೆ. ಈಗ ತಂಗಿಯ ಮದುವೆಯ ವಾಲಗದ ಟೇಪ್ ಹಾಕಿದರೆ ಮನೆಮಂದಿಯೆಲ್ಲ ಕುಣಿಯುತ್ತಾರೆ. ನಾನೂ ಕುಣಿಯುತ್ತೇನೆ, ಆ ಪೆಟ್ಟಿಗೆಯ ಹತ್ತಿರ ಬಂದಾಗ ಮಾತ್ರ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು.