ಕೆಂಪು ಹಡಗು ಮುಖ ತಿರುಗಿಸಿದ ಸೋಮವಾರ

ಚೆಂಬೂರಿನ ಮೂರನೇ ಮಹಡಿಯಲ್ಲಿ ಬೆಳೆದವಳು ನಾನು. ಮದುವೆಯಾಗಿ ಮುಂಬಯಿಯ ಕೊಲ್ಲಿಯೊಳಗಿನ ಈ ದ್ವೀಪಕ್ಕೆ ಬಂದಾಗ, ಕಿಟಕಿ ತೆರೆದರೆ ಎದುರು ಬಿಲ್ಡಿಂಗಿನ ಒಣಹಾಕಿದ ಬಟ್ಟೆ ಕಾಣದೆ ಒಂದು ವಾರ ಮಂಕಾಗಿದ್ದೆ. ಕಾಣುತ್ತಿದ್ದುದು ಹಡಗುಗಳು ಮಾತ್ರ. ಆಮೇಲೆ ಅವೇ ನೆರೆಹೊರೆಯಾದವು. ಸರಕು ತುಂಬಿದ ಹಡಗು ನೀರಿನಲ್ಲಿ ತಗ್ಗಿ ಕೂತಿರುತ್ತದೆ. ಖಾಲಿಯಾದದ್ದು ಹೊಟ್ಟೆ ತೋರಿಸಿಕೊಂಡು ಎತ್ತರಕ್ಕೆ ನಿಂತಿರುತ್ತದೆ. ಅಂಥದ್ದನ್ನು ಕಂಡಾಗೆಲ್ಲ ಅತ್ತೆ "ಪಾಪ, ಉಪವಾಸ" ಎನ್ನುತ್ತಾರೆ.

ಅತ್ತೆ ಕುಂದಾಪುರದ ಕಡೆಯವರು. ದ್ವೀಪದ ಹಳೆಯ ಗುಹಾದೇವಾಲಯ ನೋಡಲು ಬರುವವರಿಗಾಗಿ ಮಾವ ಇಲ್ಲಿ ಮೆಟ್ಟಿಲ ಪಕ್ಕ ಇಡ್ಲಿ-ಚಹಾದ ಅಂಗಡಿ ಹಾಕಿದಾಗ ಜೊತೆಗೆ ಬಂದವರು. ಮಾವ ಈಗಿಲ್ಲ. ಅಂಗಡಿಯನ್ನು ಅತ್ತೆ, ನಾನು, ಇವರು ನೋಡಿಕೊಳ್ಳುತ್ತೇವೆ. ಮಂಗಗಳು ನಮ್ಮನ್ನು ನೋಡಿಕೊಳ್ಳುತ್ತವೆ. ಸೋಮವಾರ ಗುಹೆಗಳಿಗೆ ರಜೆ, ನಮಗೂ ರಜೆ. ಆ ದಿನ ಅತ್ತೆ-ಸೊಸೆ ಜಗಲಿಯಲ್ಲಿ ಕೂತು ಚೋರ್ ಬಜಾರಿನಿಂದ ತಂದ, ಒಂದು ಕಣ್ಣು ಮಸುಕಾದ ದುರ್ಬೀನು ಹಂಚಿಕೊಂಡು ಹಡಗು ನೋಡುತ್ತೇವೆ.

ನೋಡುವುದರಲ್ಲಿ ಒಂದು ಪಂದ್ಯವೂ ಇದೆ. ಲಂಗರು ಹಾಕಿ ನಿಂತ ಹಡಗು ನೀರು ಹರಿದುಬರುವ ದಿಕ್ಕಿಗೆ ಮುಖ ಮಾಡುತ್ತದೆ. ಇಳಿತದಲ್ಲಿ ಎಲ್ಲವೂ ಉತ್ತರಕ್ಕೆ, ಖಾಡಿಯ ಹಿನ್ನೀರಿನ ಕಡೆಗೆ ನೋಡುತ್ತವೆ. ಭರತ ಶುರುವಾದರೆ ನಿಧಾನವಾಗಿ ಸುತ್ತಿ ಸಮುದ್ರದ ಕಡೆ ತಿರುಗುತ್ತವೆ. ಹಡಗು ಮುಖ ತಿರುಗಿಸಿತೆಂದರೆ ನೀರು ತಿರುಗಿತೆಂದು ಅರ್ಥ. ಅದನ್ನು ಮೊದಲು ಕಂಡು ಕೂಗಿದವರು ಕೂತಿರಬಹುದು, ಸೋತವರು ಎದ್ದು ಚಹಾ ಮಾಡಬೇಕು. ಆ ಸೋಮವಾರದ ಹೊತ್ತಿಗೆ ನಾನು ಸತತ ಏಳು ಸಲ ಸೋತಿದ್ದೆ.

ಅವತ್ತು ಇವರು ಪಕ್ಕದ ಮನೆಯವರ ಸಣ್ಣ ಇಂಜಿನ್ ದೋಣಿ ತೆಗೆದುಕೊಂಡು, ರಿಪೇರಿಗೆ ಕೊಟ್ಟಿದ್ದ ಗ್ರೈಂಡರ್ ತರಲು ಮುಂಬಯಿ ಕಡೆಯ, ದೋಣಿ ನಿಲ್ಲುವ ದಕ್ಕೆಗೆ ಹೋಗಿದ್ದರು. ಮರುದಿನದ ಇಡ್ಲಿ ಹಿಟ್ಟು ಅದರ ಮೇಲೆ ನಿಂತಿತ್ತು. ಆ ದೋಣಿಯ ಇಂಜಿನ್ನಿಗೆ ಇಳಿತದ ಸೆಳೆತದಲ್ಲಿ ಅಡ್ಡ ದಾಟುವ ತಾಕತ್ತಿಲ್ಲ. ಅದಕ್ಕೇ ಮಧ್ಯಾಹ್ನ ಮೂರರ ಸುಮಾರಿಗೆ ಇವರ ಫೋನು ಬಂತು.

"ನೀರು ತಿರುಗಿತಾ? ಇಲ್ಲಿಂದ ಹಡಗೇ ಕಾಣ್ತಾ ಇಲ್ಲ."

ಎದುರಿಗೆ ಐದು ಹಡಗು. ಅದೇ ಹೊತ್ತಿಗೆ ನಡುವಿನ ಕೆಂಪು ಹಡಗು ನಿಧಾನವಾಗಿ ಮೂತಿ ತಿರುಗಿಸಿ ಸಮುದ್ರದ ಕಡೆ ಮುಖ ಮಾಡಿತು. ಅತ್ತೆ ಒಳಗೆ ಹಪ್ಪಳದ ಡಬ್ಬ ಹುಡುಕುತ್ತಿದ್ದರು. ನನ್ನ ಖುಷಿಗೆ ಪಾರವಿರಲಿಲ್ಲ.

"ತಿರುಗಿತು, ಹೊರಡಿ!" ಎಂದು ಫೋನಿನಲ್ಲಿ ಹೇಳಿದೆ. "ಅತ್ತೇ, ನೀರು ತಿರುಗಿತು! ಇವತ್ತು ಚಹಾ ನಿಮ್ಮದು!" ಎಂದು ಒಳಗೆ ಕೂಗಿದೆ.

ಅತ್ತೆಗೆ ಹೊರಗೆ ಬರುವ ಅವಸರವೇನೂ ಇರಲಿಲ್ಲ. ಹಪ್ಪಳ ಸುಟ್ಟುಕೊಂಡೇ ಬಂದರು. ಅಷ್ಟರಲ್ಲಿ ಇವರ ದೋಣಿ ದಕ್ಕೆ ಬಿಟ್ಟು ದೂರದಲ್ಲಿ ಕಡಲೆಕಾಳಿನಷ್ಟು ಕಾಣಿಸಿಕೊಂಡಿತ್ತು. ಅತ್ತೆ ದುರ್ಬೀನಿನ ಒಳ್ಳೆಯ ಕಣ್ಣಿನಲ್ಲಿ ನೋಡಿದರು.

"ಎಂತ ತಿರ್ಗದ್? ಬಾಕಿ ನಾಲ್ಕ್ ಹಡ್ಗ್ ಹಾಂಗೇ ನಿಂತಿದೊ. ನೀರ್ ಅದ್ಕೊಂದಕ್ಕೇ ಬತ್ತಾ?"

"ಮೊದಲು ಒಂದು ತಿರುಗುತ್ತೆ, ಆಮೇಲೆ ಉಳಿದದ್ದು..."

"ಅದ್ರ ಹಿಂದ್ ನೊರೆ ಕಾಣ್, ಹೆಣ್ಣೇ. ಅದ್ ತಿರ್ಗದ್ದಲ್ಲ, ಹೊರಟದ್!"

ಅದು ಲಂಗರು ಎತ್ತಿ ಸಮುದ್ರಕ್ಕೆ ಹೊರಟಿತ್ತು. ನೀರಿನ್ನೂ ಇಳಿಯುತ್ತಲೇ ಇತ್ತು. ನನ್ನ ಮಾತು ನಂಬಿದ ಇವರು ಸೆಳೆತದ ನಟ್ಟನಡುವೆ, ಆ ಹಡಗಿನ ದಾರಿಗೇ ಬರುತ್ತಿದ್ದರು.

ಫೋನು ಮಾಡಿದೆ. ಎತ್ತಲಿಲ್ಲ, ಇಂಜಿನ್ನಿನ ಸದ್ದಿನಲ್ಲಿ ಎಲ್ಲಿ ಕೇಳಬೇಕು? ಮತ್ತೆ ಮಾಡಿದೆ. ಆಗಲೇ ದೋಣಿ ನಿಂತಿತು. ಇವರು ಬಗ್ಗಿ ಇಂಜಿನ್ನಿನ ಹಗ್ಗ ಎಳೆಯುವುದು ದುರ್ಬೀನಿನಲ್ಲಿ ಕಂಡಿತು. ಒಂದು ಸಲ, ಎರಡು ಸಲ, ಮೂರು ಸಲ. ಅಪಾಯವೆಂದು ಹಡಗು ಗಿಡ್ಡಗಿಡ್ಡವಾಗಿ ಐದು ಸಲ ಕೂಗಿತು. ಅದುವರೆಗೆ ಹಡಗು ಕೂಗಿದರೆ ಕೈಬೀಸುವುದು ನನ್ನ ಅಭ್ಯಾಸ. ನಾನು ಜಗಲಿಯ ತುದಿಗೆ ಓಡಿ ಇವರನ್ನು ಕೂಗತೊಡಗಿದೆ.

"ಕೂಗ್ಬೇಡ, ಅವ್ನಿಗೆ ಕೇಂತಿಲ್ಲೆ," ಎಂದು ಅತ್ತೆ ನನ್ನ ಮಣಿಕಟ್ಟು ಹಿಡಿದರು. ಬಳೆ ಒಡೆದದ್ದು ಇಬ್ಬರಿಗೂ ತಿಳಿಯಲಿಲ್ಲ.

ಇವರು ಹಗ್ಗ ಬಿಟ್ಟು ಹುಟ್ಟು ಹಿಡಿದರು, ಬಂದ ಕಡೆಗೇ ತಿರುಗಿ ಹಾಕತೊಡಗಿದರು. ಅಷ್ಟೇ ನಾವು ಕಂಡದ್ದು. ಆಮೇಲೆ ಹಡಗು ನಮಗೂ ಅವರಿಗೂ ನಡುವೆ ಬಂತು.

ಹಡಗು ಉದ್ದವೆಂದು ಗೊತ್ತಿತ್ತು, ಇಷ್ಟು ಉದ್ದವೆಂದು ಗೊತ್ತಿರಲಿಲ್ಲ. ಕೆಂಪು ಗೋಡೆ ಸರಿಯುತ್ತಲೇ ಇತ್ತು. ಇಂದಿಗೂ ಪಾತ್ರೆ ತೊಳೆಯುವಾಗ, ದುಡ್ಡು ಎಣಿಸಿ ಚಿಲ್ಲರೆ ಕೊಡುವಾಗ, ಆ ಗೋಡೆ ಕಣ್ಣಮುಂದೆ ಸರಿಯಲು ಶುರುವಾಗುತ್ತದೆ. ಅದರ ಕೊನೆ ಬರುವ ತನಕ ನನ್ನ ಕೈ ಇದ್ದಲ್ಲೇ ನಿಲ್ಲುತ್ತದೆ. ಗಿರಾಕಿಗಳು ನಾನು ಲೆಕ್ಕದಲ್ಲಿ ದಡ್ಡಿ ಎಂದುಕೊಳ್ಳುತ್ತಾರೆ.

ಕೊನೆಗೂ ಹಿಂಭಾಗ ಬಂತು, ನೊರೆ ಬಂತು, ಖಾಲಿ ನೀರು ಬಂತು. ಆ ಖಾಲಿ ನೀರಿನ ಆಚೆ, ಅಲೆಯ ಮೇಲೆ ಹುಚ್ಚೆದ್ದು ಕುಣಿಯುತ್ತ ಕಡಲೆಕಾಳು!

"ಇದ್ದ," ಎಂದರು ಅತ್ತೆ. ಅಷ್ಟು ಹೇಳಿ ಕೈಯಲ್ಲಿದ್ದ ಹಪ್ಪಳವನ್ನು ಪೂರ್ತಿ ಬಾಯಿಗೆ ತುರುಕಿಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

ಇವರು ಮನೆ ಸೇರಿದ್ದು ಉಳಿದ ನಾಲ್ಕೂ ಹಡಗು ನಿಜವಾಗಿ ತಿರುಗಿದ ಮೇಲೆ. ಮೈಯೆಲ್ಲ ಒದ್ದೆ, ಹೆಗಲ ಮೇಲೆ ಗ್ರೈಂಡರ್. ಗ್ರೈಂಡರಿಗೆ ಲೈಫ್ ಜಾಕೆಟ್ ಸುತ್ತಿತ್ತು.

"ಇದೆಂತ ಇದ್?" ಅತ್ತೆ ಕೇಳಿದರು.

"ಅಲುಗಾಡಿ ಒಡೀಬಾರ್ದಲ್ಲ ಅಮ್ಮ, ಅದಕ್ಕೆ ಪ್ಯಾಕಿಂಗ್."

"ಹೌದಪ್ಪ. ಗ್ರೈಂಡರಿಗ್ ಈಜುಕ್ ಬತ್ತಿಲ್ಲೆ ಅಲ್ದಾ? ನಿಂಗ್ ಬತ್ತ್!"

"ಅರೇ, ಬೋಟ್ ಭಾರ ಅಂತ ಅದನ್ನ ನೀರಿಗೆ ಹಾಕೋಣ ಅಂತಿದ್ದೆ."

"ಹಾಕಿರೆ ನೀನೂ ಅದ್ರ ಹಿಂದೇ ಹಾರ್ಕಿತ್ತ್. ಮನಿಗ್ ಬರ್ಬೇಡ ಅಂತಿದ್ದೆ."

ಇವರು ನಕ್ಕರು. ನಾನು ಮಾತ್ರ ಒಲೆಯ ಮುಂದೆ ನಿಂತು, "ನಾನೇ ಹೊರಡಿ ಅಂದದ್ದು" ಎಂದೆ. ಅದೊಂದನ್ನೇ ನಾಲ್ಕು ಸಲ ಹೇಳಿದೆನಂತೆ. ಇವರು ಒದ್ದೆ ಕೈಯಲ್ಲೇ ನನ್ನ ಕೈಯಿಂದ ಚಹಾಪುಡಿ ಡಬ್ಬ ತೆಗೆದುಕೊಂಡರು. "ಛೋಡ್ ನಾ. ಇವತ್ತು ನೀವಿಬ್ರೂ ಸೋತಿದ್ದೀರಿ, ನಾನು ಗೆದ್ದಿದ್ದೇನೆ. ಗೆದ್ದವನೇ ಚಹಾ ಮಾಡ್ತಾನೆ." ಆ ಚಹಾಕ್ಕೆ ಸಕ್ಕರೆ ಹಾಕಿರಲಿಲ್ಲ. ಮೂವರೂ ಹಾಗೇ ಕುಡಿದು ಮುಗಿಸಿದೆವು.

ಈಗ ನಾನು ಒಂದು ಹಡಗು ತಿರುಗಿದರೆ ಬಾಯಿ ಬಿಡುವುದಿಲ್ಲ. ಎರಡು, ಮೂರು, ಕೊನೆಯದೂ ತಿರುಗಲಿ ಎಂದು ಕಾಯುತ್ತೇನೆ. ಆದ್ದರಿಂದ ಪ್ರತಿ ಸೋಮವಾರ ಅತ್ತೆಯೇ ಗೆಲ್ಲುತ್ತಾರೆ, ಚಹಾ ನನ್ನದೇ. ಮೊನ್ನೆ ಇವರು ಮತ್ತೆ ದಕ್ಕೆಯಿಂದ ಫೋನು ಮಾಡಿದರು, ಈ ಸಲ ಲೈಫ್ ಜಾಕೆಟ್ ಹಾಕಿಕೊಂಡು.

"ಆಯ್ತಾ?"

"ಆರರಲ್ಲಿ ಐದು ತಿರುಗಿವೆ. ಇನ್ನೊಂದು ಬಾಕಿ."

"ಐದು ಸಾಕು ಮಾರಾಯ್ತಿ!"

"ಬೇಡ. ಅಲ್ಲೇ ಒಂದು ವಡಾಪಾವ್ ತಿನ್ನಿ."

"ಇದು ಮೂರನೆಯದು," ಎಂದರು ಇವರು, ಬಾಯಿ ತುಂಬಿಕೊಂಡೇ.