ಅರ್ಧ ಗಂಟೆಯ ಕೆಲಸ

ಗಿರಿಜಕ್ಕ, ಆ ಶನಿವಾರ ನೀವು ರಾಯಚೂರಿಗೆ ಹೋಗಬಹುದಿತ್ತು. ಎರಡು ದಿನದ ಕೆಲಸ, ನೀವು ಇರಲೇಬೇಕು ಅಂತ ನಾನು ಹೇಳಿದ್ದು ಸುಳ್ಳು. ಅದು ಅರ್ಧ ಗಂಟೆಯ ಕೆಲಸ. ಅದಕ್ಕೆ ನಿಮ್ಮ ಅಗತ್ಯವೇ ಇರಲಿಲ್ಲ. ಇದನ್ನು ನಿಮ್ಮೆದುರು ನಿಂತು ಹೇಳಬೇಕು — ಹೇಳುತ್ತೇನೆ. ಅದಕ್ಕೆ ಮೊದಲು ಇಲ್ಲಿ ಬರೆದು ಬಾಯಿ ಪಳಗಿಸಿಕೊಳ್ಳುತ್ತಿದ್ದೇನೆ, ಅಷ್ಟೇ.

ನಾವು ಪರಿಚಯವಾದದ್ದು ನನ್ನ ಬೈಗುಳದಿಂದ, ನೆನಪಿದೆಯಾ? ವಿಶಾಖಪಟ್ಟಣದ ನಮ್ಮ ಪುಟ್ಟ ಸಾಫ್ಟ್‌ವೇರ್ ಕಂಪನಿಯಿಂದ ವಿಜಯವಾಡದ ನಿಮ್ಮ ಔಷಧ ಗೋದಾಮಿಗೆ ನನ್ನನ್ನು ಕಳಿಸಿದ್ದರು. ನಿಮ್ಮ ದಾಸ್ತಾನೂ ಬಿಲ್ಲೂ ಇರುವ ಡೇಟಾಬೇಸ್ ಸರ್ವರನ್ನು ಹೊಸದಾಗಿ ಕೂರಿಸಬೇಕಿತ್ತು. ನಿಮ್ಮ ಮಾಲೀಕರು ಹುಷಾರಿ ಮನುಷ್ಯ, ಮೊದಲು ಟ್ರಯಲ್ ಆವೃತ್ತಿ ಹಾಕಿ, ಹಿಡಿಸಿದರೆ ದುಡ್ಡು ಕೊಟ್ಟು ಕೊಳ್ಳೋಣ ಅಂದಿದ್ದರು. ಕಂಪ್ಯೂಟರು ಮೊಂಡು ಹಿಡಿದು ಕೂತಾಗ ನಾನು ನನ್ನಷ್ಟಕ್ಕೆ "ನಿನ್ನ ಮನೆ ಹಾಳಾಗ" ಅಂದೆ. ಹಿಂದಿನ ಮೇಜಿನಿಂದ ನಗು ಕೇಳಿಸಿತು. "ಯಾವೂರವ್ವ ನಿಂದು? ಅದು ಯಾಕ ಕೇಳ್ತದ, ಅದಕ್ಕ ಬರೀ ತೆಲುಗು ತಿಳಿತದ" ಅಂದಿರಿ ನೀವು. ಗೋದಾಮಿನ ದಾಸ್ತಾನು ನೋಡಿಕೊಳ್ಳುವ, ಅಲ್ಲಿ ಎಲ್ಲರೂ ತೆಲುಗಿನಲ್ಲಿ ಗಿರಿಜಾ ಗಾರು ಎನ್ನುವ ನೀವು ರಾಯಚೂರಿನವರು ಎಂದು ನನಗೆ ಗೊತ್ತಾದದ್ದು ಹಾಗೆ.

ನಾನು ತುಮಕೂರಿನವಳು. ವಿಶಾಖಪಟ್ಟಣದ ದ್ವಾರಕಾ ನಗರದ ಹತ್ತಿರ ಒಂದು ಪಿ.ಜಿ.ಯಲ್ಲಿದ್ದೆ. ಆಫೀಸಿನಲ್ಲಿ ಇಂಗ್ಲಿಷು, ಊಟದ ಹೊತ್ತಿಗೆ ತೆಲುಗು, ಅಮ್ಮನ ಜೊತೆ ಫೋನಿನಲ್ಲಿ ಒಂದಿಷ್ಟು ಕನ್ನಡ. ಅದೂ ಬರೀ "ಊಟ ಆಯ್ತಾ" "ಆಯ್ತು". ಅಂದು ನೀವು ನನ್ನನ್ನು ಮನೆಗೆ ಕರೆದುಕೊಂಡು ಹೋಗಿ ರೊಟ್ಟಿ ಬಡಿದು ಹಾಕಿದಿರಿ. ನಿಮ್ಮ ಯಜಮಾನರೂ ಮಕ್ಕಳೂ ತೆಲುಗಿನಲ್ಲಿ ಮಾತಾಡಿಕೊಂಡು ಎದ್ದು ಹೋದ ಮೇಲೆ ನಾವಿಬ್ಬರೇ ಅಡುಗೆಮನೆಯಲ್ಲಿ ಕೂತು ಹರಟಿದೆವು. ನಿಮಗೂ ಆ ಊರಿನಲ್ಲಿ ಕನ್ನಡಕ್ಕೆ ಯಾರೂ ಇರಲಿಲ್ಲ. ರಾಯಚೂರಿನಿಂದ ದಿನಾ ಫೋನು ಮಾಡುವ ನಿಮ್ಮ ಶಾಂತಕ್ಕ ಒಬ್ಬರನ್ನು ಬಿಟ್ಟರೆ. ಅವ್ವ ಹೋದ ಮೇಲೆ ನಿಮ್ಮನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು ಆ ಅಕ್ಕನೇ ಎಂದು ಅಂದೇ ಹೇಳಿದ್ದಿರಿ. ವೈಜಾಗಿಗೆ ವಾಪಸು ಬರುವಾಗ ರೈಲಿನಲ್ಲಿ ನನಗೆ ಅಳು ಬಂತು, ಖುಷಿಗೋ ದುಃಖಕ್ಕೋ ಗೊತ್ತಿಲ್ಲ.

ಟ್ರಯಲ್ ಅವಧಿ ಮುಗಿಯುತ್ತ ಬಂತು. ಮಾಲೀಕರು ಕೊನೆಗೂ ಕೊಳ್ಳಲು ಒಪ್ಪಿದರು. ಸೋಮವಾರದೊಳಗೆ ಪಾವತಿಯ ಆವೃತ್ತಿಗೆ ಬದಲಾಯಿಸದಿದ್ದರೆ ಸರ್ವರ್ ಏಳುತ್ತಿರಲಿಲ್ಲ, ಬಿಲ್ಲೂ ಆಗುತ್ತಿರಲಿಲ್ಲ. ಅಷ್ಟು ನಿಜ. ಆದರೆ ಬದಲಾಯಿಸುವುದು ಎಂದರೆ ಕೊಂಡ ಲೈಸೆನ್ಸಿನ ಕೀ ಸಂಖ್ಯೆಯನ್ನು ಹಾಕುವುದು, ಒಂದೆರಡು ಕಡೆ ಒತ್ತುವುದು, ಸರ್ವರ್ ಒಮ್ಮೆ ಮಲಗಿ ಏಳುವುದು. ಒಳಗಿನ ಡೇಟಾ ಇದ್ದಲ್ಲೇ ಇರುತ್ತದೆ. ವೈಜಾಗಿನಿಂದಲೇ ಮಾಡಬಹುದಿತ್ತು. ನಾನು ಮಾತ್ರ ಫೋನಿನಲ್ಲಿ ನಿಮಗೆ ಹೇಳಿದ್ದೇನು? ಹಳೆಯದನ್ನೆಲ್ಲ ತೆಗೆದು ಹೊಸದಾಗಿ ಹಾಕಬೇಕು, ಡೇಟಾ ಮತ್ತೆ ತುಂಬಬೇಕು, ಒಂದೊಂದು ಔಷಧವನ್ನೂ ತಾಳೆ ನೋಡಬೇಕು.

"ಈ ವಾರ ಶಾಂತಕ್ಕನ ಕಡೆ ಹೋಗೋದದವ್ವ. ಆಕಿಗೆ ಇತ್ತೀಚಿಗೆ ಮರವು ಭಾಳ ಆಗ್ಯದಂತ. ಟಿಕೆಟ್ ತೆಗ್ಸೀನಿ" ಅಂದಿರಿ.

"ನೀವಿಲ್ದೆ ಆಗಲ್ಲ ಅಕ್ಕ" ಅಂದೆ ನಾನು.

"ಸರೇ. ಕೆಲಸ ಅಂದ್ರ ಕೆಲಸ. ಆಕಿ ಎಲ್ಲಿ ಹೋಗ್ತಾಳ, ಮುಂದಿನ ತಿಂಗಳು ಹೋದರಾತು."

ಮರೆವು ಎಂಬ ಮಾತನ್ನು ನಾನು ಕೇಳಿಸಿಕೊಂಡೆ. ವಯಸ್ಸಾದವರ ಸಾಮಾನ್ಯ ಮರೆವು ಅಂದುಕೊಂಡೆ — ಇಲ್ಲ, ಹಾಗೂ ಅಂದುಕೊಳ್ಳಲಿಲ್ಲ. ಏನೂ ಅಂದುಕೊಳ್ಳಲಿಲ್ಲ. ಎರಡು ದಿನ ನಿಮ್ಮ ಮನೆಯಲ್ಲಿ ಇರಬಹುದು ಎಂಬ ಒಂದೇ ಸಂಭ್ರಮ ತಲೆಯಲ್ಲಿತ್ತು.

ಆ ಶನಿವಾರ ಗೋದಾಮಿನಲ್ಲಿ ನೀವು ಫ್ಲಾಸ್ಕಿನಲ್ಲಿ ಚಹಾ ತರಲು ಹೋಗಿ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು, ಅಕ್ಕ. ಪರದೆಯ ಮೇಲೆ ಎಲ್ಲ ಸರಿಯಾಗಿದೆ ಅಂತ ಬಂದಿತ್ತು. ನಾನು ಅದನ್ನು ಮುಚ್ಚಿ, ಏನೇನೋ ತೆರೆದು, ಹುಬ್ಬು ಗಂಟಿಕ್ಕಿ ಕೂತೆ. ಆಮೇಲೆ ನೀವು ಕನ್ನಡಕ ಏರಿಸಿ ಔಷಧಗಳ ಹೆಸರನ್ನು ಒಂದೊಂದಾಗಿ ಓದಿದಿರಿ, ನಾನು "ಸರಿ", "ಸರಿ" ಅಂದೆ. ಬೇಡವಾದ ಆ ತಾಳೆಯನ್ನು ಎಷ್ಟು ಶ್ರದ್ಧೆಯಿಂದ ಮಾಡಿದಿರಿ! ನಡುನಡುವೆ ನೀರು ಕುಡಿದು, ಗಂಟಲು ಸರಿಮಾಡಿಕೊಂಡು, ನನಗೆ ದಣಿವಾಯಿತೇನೋ ಎಂದು ಕೇಳಿದಿರಿ.

ಅಂದು ಮನೆಗೆ ಹೋದಾಗ ಮೂಲೆಯಲ್ಲಿ ನಿಮ್ಮ ಚೀಲ ಕಟ್ಟಿದ ಹಾಗೇ ಇತ್ತು. ಅದರ ಮೇಲೆ ಶಾಂತಕ್ಕನಿಗೆಂದು ತಂದ ಮಂಗಳಗಿರಿ ಸೀರೆ. ಆಗಲಾದರೂ ಹೇಳಬಹುದಿತ್ತು, ಭಾನುವಾರ ಹೊರಟರೂ ನೀವು ರಾಯಚೂರು ಮುಟ್ಟುತ್ತಿದ್ದಿರಿ. ನಾನು ಸೀರೆಯ ಅಂಚನ್ನು ಮುಟ್ಟಿ "ಚೆನ್ನಾಗಿದೆ ಅಕ್ಕ" ಅಂದು ಕೈ ತೊಳೆದು ಊಟಕ್ಕೆ ಕೂತೆ. ಆ ಎರಡು ದಿನ ನಾನು ಎಷ್ಟು ಸುಖವಾಗಿದ್ದೆ ಎಂದು ನೆನೆಯುವಾಗ — ಅದೇ ನನಗೆ ಹೆಚ್ಚು ನಾಚಿಕೆ.

ಮುಂದಿನ ವಾರವೇ ಶಾಂತಕ್ಕನಿಗೆ ಜ್ವರ ಬಂದು ಆಸ್ಪತ್ರೆ ಸೇರಿದರು. ಸುದ್ದಿ ಬಂದ ದಿನವೇ ನೀವು ಓಡಿದಿರಿ. ಜ್ವರ ಇಳಿಯಿತು, ಜ್ವರದಲ್ಲಿ ಹೋದ ಮನೆಮಂದಿಯ ಗುರುತು ಮಾತ್ರ ತಿರುಗಿ ಬರಲಿಲ್ಲ. ರಾಯಚೂರಿನಿಂದ ಫೋನು ಮಾಡಿ ನೀವು ಹೇಳಿದ್ದು ಇಷ್ಟೇ: "ಯಾರವ್ವಾ ನೀ ಅಂತ ಕೇಳಿದಳು. ಹೋದ ವಾರ ಬಂದಿದ್ರ ಗುರ್ತು ಹಿಡೀತಿದ್ದಳಂತ, ಮನ್ಯಾಗ ಎಲ್ಲಾರೂ ಅಂತಾರ." ನೀವೇ ನನ್ನನ್ನು ಸಮಾಧಾನ ಮಾಡಿದಿರಿ — "ನಿಂದೇನ್ ತಪ್ಪದ ಅದರಾಗ? ಇನ್ನ ಕನ್ನಡ ಮಾತಾಡಾಕ ನೀನ ನನಗ" ಅಂದಿರಿ. ನನಗೆ ಬೇಕಾದದ್ದು ಅದೇ ಅಲ್ಲವೇ? ಅದು ಸಿಕ್ಕಿತು. ಅಂದಿನಿಂದ ದಿನವೂ, ಶಾಂತಕ್ಕ ನಿಮಗೆ ಫೋನು ಮಾಡುತ್ತಿದ್ದ ಹೊತ್ತಿಗೆ, ನನ್ನ ಫೋನು ರಿಂಗಾಗುತ್ತದೆ.

ಕಳೆದ ತಿಂಗಳು ನೀವು ಹಟ ಹಿಡಿದು ನನ್ನನ್ನು ರಾಯಚೂರಿಗೆ ಕರೆದುಕೊಂಡು ಹೋದಿರಿ. ಶಾಂತಕ್ಕ ಮಂಚದ ಮೇಲೆ ಕೂತಿದ್ದರು. ನಿಮ್ಮನ್ನು ದಾಟಿ ಅವರ ನೋಟ ನನ್ನ ಮೇಲೆ ನಿಂತಿತು. ನೀವು ಊರು ಬಿಟ್ಟಾಗ ನನ್ನಷ್ಟೇ ಪ್ರಾಯದವರಿದ್ದಿರೋ ಏನೋ. ಅವರು ನನ್ನ ಎರಡೂ ಕೈ ಹಿಡಿದರು. "ಗಿರೀ, ಬಂದೇನವ್ವ? ಎಷ್ಟು ಕಾಯಿಸಿದೆ!"

ನಾನು ತಿರುಗಿ ನಿಮ್ಮ ಮುಖ ನೋಡಿದೆ. ನೀವು ನನ್ನ ಬೆನ್ನು ಮೆಲ್ಲಗೆ ತಟ್ಟಿದಿರಿ. "ಹೂಂ ಅನ್ನವ್ವ. ಬಂದೀನಿ ಅನ್ನು. ಆಕಿಗೆ ಸಮಾಧಾನ ಆಗ್ಲಿ."

"ಬಂದೀನಕ್ಕ" ಅಂದೆ.

ಅವರು ನನ್ನ ತಲೆ ನೇವರಿಸುತ್ತಲೇ ಇದ್ದರು. ನೀವು ಪಕ್ಕದಲ್ಲಿ ನಿಂತು ಅದನ್ನು ನೋಡುತ್ತಿದ್ದಿರಿ, ನಗುತ್ತ.

ಒಂಟಿಯಾಗಿದ್ದೆ, ಚಿಕ್ಕವಳಿದ್ದೆ, ಪ್ರೀತಿಗೆ ಮಾಡಿದೆ — ಇವೆಲ್ಲ ನಿಜವೇ ಇರಬಹುದು. ಯಾವುದನ್ನೂ ನಿಮ್ಮ ಮುಂದೆ ಹೇಳುವುದಿಲ್ಲ. ಬರುವ ಶನಿವಾರ ವಿಜಯವಾಡಕ್ಕೆ ಬರುತ್ತೇನೆ. ಹೊಸಿಲು ದಾಟುವ ಮೊದಲೇ ಹೇಳುತ್ತೇನೆ, ನೀವು ತಟ್ಟೆ ಇಟ್ಟುಬಿಟ್ಟರೆ ನನ್ನ ಧೈರ್ಯ ಹೋಗುತ್ತದೆ. ಕ್ಷಮೆಯನ್ನೂ ಕೇಳುವುದಿಲ್ಲ, ಅಕ್ಕ. ಕೇಳಿದರೆ ನೀವು ಕೊಟ್ಟುಬಿಡುತ್ತೀರಿ. ಶಾಂತಕ್ಕನ ಆ ಕೈ ನಿಮ್ಮ ತಲೆಯ ಮೇಲೆ ಇರಬೇಕಿತ್ತು. ನೀವು ಹೊರಟು ನಿಂತಿದ್ದಿರಿ, ನಾನು ತಡೆದೆ.