ಭಾವನ ಮುಗಿಯದ ಗೋಡೆ

ನನ್ನ ಭಾವ ಲೆಯಾಂದ್ರೊ ನೆಮ್ಮದಿಯಾಗಿ ಕೂತು ಊಟ ಮಾಡಿದ್ದನ್ನು ನಾನು ನೋಡಿದವಳಲ್ಲ. ಒಂದು ಕಾಲು ಸದಾ ಬಾಗಿಲ ಕಡೆಗೇ. ಅವನಪ್ಪ ಕತ್ತೆಗಳ ಮೇಲೆ ಉಪ್ಪು ಹೇರಿಕೊಂಡು ಊರೂರು ಅಲೆದವನು. ಮಗ ಬಣ್ಣದ ಪೆಟ್ಟಿಗೆ ಹೊತ್ತು ಅಲೆದ. ಸ್ವಲ್ಪ ದಿನ ಸೆವಿಲ್, ಆಮೇಲೆ ಮ್ಯಾಡ್ರಿಡ್, ಒಂದು ಚಳಿಗಾಲ ಪ್ಯಾರಿಸ್. ಪ್ರತಿಸಲವೂ ನಮ್ಮಕ್ಕ ಕಸಿಲ್ದಾ ಪಾತ್ರೆ ಪಡಗ ಕಟ್ಟಬೇಕು, ಬಿಚ್ಚಬೇಕು. ಕೊನೆಗೆ ಅವಳೇ ಹಟ ಹಿಡಿದು ಅವನನ್ನು ಕೊರ್ದೊಬಾ ಹತ್ತಿರದ ನಮ್ಮ ತವರಿಗೆ ಎಳೆತಂದಳು. ಮದುವೆಯಾಗದೆ ಉಳಿದ ನಾನೂ ಅದೇ ಮನೆಯಲ್ಲಿದ್ದೆ.

ಅವನ ಚಿತ್ರಗಳಲ್ಲಿ ಎಲ್ಲವೂ ಇದ್ದದ್ದು ಇದ್ದ ಹಾಗೇ ಇರುತ್ತಿತ್ತು. ನಮ್ಮ ಬೀದಿ, ನಮ್ಮ ಬ್ರೆಡ್ಡು, ನಮ್ಮ ಬೆಳ್ಳುಳ್ಳಿ ಗೊಂಚಲು. ಎಲ್ಲೋ ಒಂದು ಕಡೆ ಮಾತ್ರ ಎಡವಟ್ಟು. ಹೇಸರಗತ್ತೆ ಹಾಸಿಗೆಯ ಮೇಲೆ ನಿಂತಿರುತ್ತಿತ್ತು. ಊಟಕ್ಕೆ ಕೂತ ಪಾದ್ರಿಗಳ ಬೂಟು ನೆಲಕ್ಕೆ ತಾಗಿರುತ್ತಿರಲಿಲ್ಲ. ಮ್ಯಾಡ್ರಿಡ್‌ನವರು ಇದಕ್ಕೆ ಮಾಂತ್ರಿಕ ವಾಸ್ತವ ಎಂದು ದೊಡ್ಡ ಹೆಸರಿಟ್ಟು, ಪತ್ರಿಕೆಗಳಲ್ಲಿ ಬರೆದು, ಚಿತ್ರಗಳನ್ನು ಕೊಂಡುಕೊಂಡರು. ನಮ್ಮೂರಿನವರು ಜಗಳಕ್ಕೆ ಬಂದರು.

“ಏನಯ್ಯಾ, ನನ್ನ ಆಡನ್ನ ಹೆಂಚಿನ ಮೇಲೆ ಹತ್ತಿಸಿದ್ದೀಯಂತೆ?” ಎಂದು ಪಕ್ಕದ ಮನೆಯ ಬಿಬಿಯಾನಾ ಸೊಂಟದ ಮೇಲೆ ಕೈಯಿಟ್ಟು ನಿಂತಳು. “ಅವತ್ತಿಂದ ಒಂದು ಲೋಟ ಹಾಲು ಕೊಟ್ಟಿಲ್ಲ ಅದು. ಇಳಿಸು ಮೊದ್ಲು!”

ಭಾವ ನಗಲಿಲ್ಲ. ಸಂಜೆಯೊಳಗೆ ಆಡನ್ನು ಹಿತ್ತಲಿಗೆ ಇಳಿಸಿದ. ಮರುದಿನ ಸಮಾಧಾನವಾಗದೆ ಮತ್ತೆ ಹತ್ತಿಸಿದ.

ಯಾವ ಚಿತ್ರವನ್ನೂ ಅವನು ಮುಗಿಯಿತು ಎಂದವನಲ್ಲ. ಕೊರ್ದೊಬಾದ ವಕೀಲರೊಬ್ಬರು ಕೊಂಡು ಗೋಡೆಗೆ ಹಾಕಿಕೊಂಡಿದ್ದ ಚಿತ್ರವನ್ನು ನೋಡುವ ನೆಪದಲ್ಲಿ ಹೋಗಿ, ಅವರು ಕಾಫಿ ತರಿಸುವಷ್ಟರಲ್ಲಿ ಜೇಬಿನಿಂದ ಕುಂಚ ತೆಗೆದು ಬಾಗಿಲಿನ ಬಣ್ಣವನ್ನೇ ಬದಲಿಸಿಬಿಟ್ಟಿದ್ದ. ಅವರು ಕತ್ತು ಹಿಡಿದು ಹೊರಗೆ ದಬ್ಬಿದರು. “ಈಗ ಪರವಾಗಿಲ್ಲ, ಆದ್ರೂ ನೀಲಿ ಜಾಸ್ತಿಯಾಯ್ತು,” ಎಂದು ದಾರಿಯುದ್ದಕ್ಕೂ ಕೈಕೈ ಹಿಸುಕಿಕೊಂಡ. ಇಂಥವನ ಜೊತೆ ಬಾಳುವೆ ಮಾಡಿದ ನಮ್ಮಕ್ಕನಿಗೆ ಕೈ ಮುಗಿಯಬೇಕು.

ವಯಸ್ಸಾದ ಮೇಲೆ ಊರೂರು ತಿರುಗುವ ಶಕ್ತಿ ಕುಂದಿತು, ಚಡಪಡಿಕೆ ಕುಂದಲಿಲ್ಲ. ನಮ್ಮ ಒಳಾಂಗಳದ ದೊಡ್ಡ ಗೋಡೆಯ ಮೇಲೆ ಅದೇ ಅಂಗಳವನ್ನು ಬರೆಯತೊಡಗಿದ. ನಡುವೆ ಉದ್ದನೆಯ ಮೇಜು; ಸುತ್ತಲೂ ಯುದ್ಧಕ್ಕೆ ಹೋಗಿ ವಾಪಸು ಬಾರದ ನಮ್ಮ ಬೀದಿಯ ಹುಡುಗರು. ಆದರೆ ಗೋಡೆಯ ಮೇಲೆ ಅವರು ಹುಡುಗರಾಗಿರಲಿಲ್ಲ. ಬದುಕಿದ್ದರೆ ಎಷ್ಟು ವಯಸ್ಸಾಗಿರುತ್ತಿತ್ತೋ ಅಷ್ಟೇ ಆಗಿತ್ತು. ಕೆಲವರಿಗೆ ಹೊಟ್ಟೆ ಬಂದಿತ್ತು, ಕೆಲವರಿಗೆ ಹಲ್ಲು ಹೋಗಿತ್ತು. ಮೇಜಿನ ತುದಿಯಲ್ಲಿ ಕ್ರಿಸ್ಪುಲೊ ಕೂತಿದ್ದ. ನನ್ನನ್ನು ಮದುವೆಯಾಗುತ್ತೇನೆಂದು ಮಾತು ಕೊಟ್ಟು ಹೋದವನು. ಮೀಸೆ ಸರಿಯಾಗಿ ಮೂಡದ ವಯಸ್ಸಿನಲ್ಲಿ ಹೋದ ಅವನ ತಲೆ ಬೋಳಾಗಿತ್ತು, ಕನ್ನಡಕ ಬಂದಿತ್ತು. ನೋಡಿ ಬಿಕ್ಕಿ ಬಿಕ್ಕಿ ಅತ್ತೆ. ಆಮೇಲೆ ದಿನಾ ಬೆಳಿಗ್ಗೆ ಅವನೆದುರು ಕೂತೇ ಕಡಲೆ ಆರಿಸುತ್ತಿದ್ದೆ. ನನಗೆ ಸಂಸಾರ ಅಂತ ಇದ್ದದ್ದು ಅದೇ.

ಇಂಥ ಚಿತ್ರ ಮುಗಿಯುವುದುಂಟೇ? ನಮಗೆ ವಯಸ್ಸಾದಂತೆ ಅವರಿಗೂ ಆಗಬೇಕಲ್ಲ. ಪ್ರತಿ ಚಳಿಗಾಲ ಭಾವ ಏಣಿ ಹತ್ತಿ ಒಬ್ಬೊಬ್ಬರ ಮುಖಕ್ಕೂ ಸುಕ್ಕು ಸೇರಿಸುತ್ತಿದ್ದ. ಬೀದಿಯ ಹೆಂಗಸರು ಬಂದು ಕೆಳಗಿನಿಂದ ಕೂಗುತ್ತಿದ್ದರು. “ನಮ್ಮ ಮನೆಯವರಿಗೆಲ್ಲ ಮಂಡಿನೋವು ಕಣಪ್ಪಾ, ನಮ್ಮಣ್ಣಂಗೊಂದು ಕೋಲು ಕೊಡು!” ಈಸ್ಟರಿಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರದೊಳಗೆ ನಮ್ಮೂರಲ್ಲಿ ಎಲ್ಲ ಗೋಡೆಗೂ ಸುಣ್ಣ ಬೀಳಲೇಬೇಕು. ಅಕ್ಕ ಆ ಒಂದು ಗೋಡೆ ಬಿಟ್ಟು ಉಳಿದದ್ದಕ್ಕೆಲ್ಲ ಹೊಡೆದು ಸುಮ್ಮನಾಗುತ್ತಿದ್ದಳು.

ಒಂದು ಚಳಿಗಾಲ ಭಾವ ಏಣಿಯ ಮೇಲೆಯೇ ಎದೆ ಹಿಡಿದುಕೊಂಡ. ಡಾಕ್ಟರು ಅಕ್ಕನನ್ನು ಪಕ್ಕಕ್ಕೆ ಕರೆದು ಹೇಳಿದರು, “ನೋಡಮ್ಮಾ, ಇವ್ರು ಇನ್ನು ಏಣಿ ಹತ್ತಿದ್ರೆ ನಾವೇ ಹೊತ್ತು ಇಳಿಸ್ಬೇಕಾಗುತ್ತೆ.” ವಾರ ಕಳೆಯುವುದರೊಳಗೆ ಅವನು ಮತ್ತೆ ಮೇಲಿದ್ದ. ಊಟ ತಣ್ಣಗಾಗುತ್ತಿತ್ತು, ತುಟಿ ನೀಲಿಯಾಗಿತ್ತು.

“ಇಳಿ ಕೆಳಗೆ,” ಎಂದಳು ಅಕ್ಕ.

“ಇನ್ನೊಬ್ಬನೇ ಬಾಕಿ. ನಾಳೆ ಮುಗಿಯುತ್ತೆ.”

“ನಿನ್ನ ನಾಳೆ ಕೇಳ್ಕೊಂಡೇ ನನ್ನ ತಲೆ ಬೆಳ್ಳಗಾಯ್ತು. ಸತ್ತೋರಿಗೆ ವಯಸ್ಸು ಕೊಡ್ತಾ ಕೊಡ್ತಾ ನಿನ್ನ ಆಯಸ್ಸೇ ಮುಗಿಸ್ಕೊಳ್ತಿದ್ದೀಯಲ್ಲೋ!”

“ಇಳಿದು ಬಾ ಭಾವ,” ಎಂದೆ ನಾನೂ. ಬಾಯಿ ಹಾಗೆ ಹೇಳಿತು, ಕಣ್ಣು ಕ್ರಿಸ್ಪುಲೊನ ಮೇಲೆಯೇ ಇತ್ತು.

ಗರಿಗಳ ಭಾನುವಾರಕ್ಕೆ ಮುಂಚೆ ಡಾಕ್ಟರು ಅವನನ್ನು ತಪಾಸಣೆಗೆಂದು ತಮ್ಮ ಕಾರಿನಲ್ಲಿ ಕೊರ್ದೊಬಾಕ್ಕೆ ಕರೆದುಕೊಂಡು ಹೋದರು. ಕಾರು ತಿರುವು ದಾಟಿತೋ ಇಲ್ಲವೋ, ಅಕ್ಕ ಸುಣ್ಣದ ಬಕೆಟ್ ಎತ್ತಿಕೊಂಡು ನೇರವಾಗಿ ಆ ಗೋಡೆಯ ಹತ್ತಿರ ಬಂದಳು. ಓಡಿಹೋಗಿ ಬಕೆಟ್ಟಿನ ಹಿಡಿಕೆ ಹಿಡಿದುಕೊಂಡೆ.

“ನಿಂಗೇನು ಹುಚ್ಚೇನೇ? ಮುಟ್ಟಬೇಡ ಅದನ್ನ!”

“ಬಿಡೇ ಎಂಗ್ರಾಸಿಯಾ,” ಎಂದಳು. “ನಿನ್ನವನು ಹೋಗಿ ಮೂವತ್ತು ವರ್ಷ ಆಯ್ತು. ನನ್ನವನು ಇನ್ನೂ ಇದ್ದಾನೆ.”

ಹಿಡಿಕೆ ಬಿಟ್ಟೆ. ಅವಳು ಆಚೆ ತುದಿಯಿಂದ ಹೊಡೆಯುತ್ತಾ ಬಂದಳು. ಕ್ರಿಸ್ಪುಲೊನನ್ನು ಕೊನೆಗೆ ಉಳಿಸಿಕೊಂಡಳು. ಆ ಹೊತ್ತಿನಲ್ಲಿ ಅವಳನ್ನು ನಾನು ದ್ವೇಷಿಸಿದಷ್ಟು ಯಾರನ್ನೂ ದ್ವೇಷಿಸಿಲ್ಲ.

ಸಂಜೆ ಬಂದ ಭಾವ ಅಂಗಳದಲ್ಲಿ ನಿಂತುಬಿಟ್ಟ. ಇನ್ನು ಕೂಗಾಡುತ್ತಾನೆ, ಇಲ್ಲ ಇಲ್ಲೇ ಕುಸಿಯುತ್ತಾನೆ ಎಂದು ನಾವಿಬ್ಬರೂ ಅವನ ಹತ್ತಿರಕ್ಕೆ ಸರಿದೆವು. ಅವನು ಹತ್ತಿರ ಹೋಗಿ ಗೋಡೆಯನ್ನು ಮುಟ್ಟಿ ನೋಡಿದ. “ಈ ಮೂಲೆ ತೆಳುವಾಯ್ತಲ್ಲ ಕಸಿಲ್ದಾ,” ಎಂದು ಬಕೆಟ್ಟಿನಿಂದ ಬ್ರಷ್ ತೆಗೆದು ಅಲ್ಲೊಂದು ಕೈ ಎಳೆದ. “ಹ್ಞಾಂ, ಮುಗೀತು,” ಎಂದ. ಅಕ್ಕ ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಮುಗಿದದ್ದು ಗೋಡೆ ಮಾತ್ರ. ಬೇಸಿಗೆ ಬರುವಷ್ಟರಲ್ಲಿ ಅವನ ಬೆರಳು ಮೇಜುಬಟ್ಟೆಯ ಮೇಲೆ ಮತ್ತೆ ಓಡಾಡತೊಡಗಿತು. ಒಂದು ಮಧ್ಯಾಹ್ನ ಅಕ್ಕ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಜಜ್ಜುತ್ತಿದ್ದಾಗ, ಇದ್ದಿಲ ತುಂಡು ಹಿಡಿದುಕೊಂಡು ನನ್ನ ಹತ್ತಿರ ಬಂದ.

“ಮೇಜಿನ ತುದಿಯವನೊಬ್ಬನ್ನ ಮಾತ್ರ ಬರೆದುಕೊಡ್ಲಾ? ಅದಕ್ಕೆ ಏಣಿ ಬೇಡ. ಕಸಿಲ್ದಾಗೆ ಹೇಳ್ಬೇಡ.”

ಪ್ರಪಂಚದಲ್ಲಿ ನನಗೆ ಬೇಕಾಗಿದ್ದದ್ದು ಅದೊಂದೇ. ಬರಿ ಎಂದರೆ ಬರೆಯುತ್ತಿದ್ದ. ಒಬ್ಬನಾದ ಮೇಲೆ ಇನ್ನೊಬ್ಬ, ಆಮೇಲೆ ಏಣಿ. ಅವನ ತುಟಿ ನೋಡಿದೆ.

“ಅವನು ಸತ್ತುಹೋಗಿದ್ದಾನೆ ಭಾವ,” ಎಂದೆ.

ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಸತ್ತ ಸುದ್ದಿ ಬಾರದೆ ಶೋಕದ ಕಪ್ಪು ಬಟ್ಟೆ ಉಡಬಾರದೆಂದು ಅಷ್ಟೂ ವರ್ಷ ನಾನು ಕಪ್ಪು ಉಟ್ಟಿರಲಿಲ್ಲ. ಇದ್ದಿಲನ್ನು ಅವನ ಕೈಯಿಂದ ತೆಗೆದುಕೊಂಡು ಅಡುಗೆಮನೆಗೆ ಹೋಗಿ ಒಲೆಗೆ ಹಾಕಿದೆ. ಅಕ್ಕ ತಲೆಯೆತ್ತಿದಳು.

“ಅಕ್ಕಾ, ಅಮ್ಮನ ಕಪ್ಪು ಶಾಲು ಎಲ್ಲಿಟ್ಟಿದ್ದೀಯೇ?” ಎಂದು ಕೇಳಿದೆ.